ಸಾಯದವರ ಕತ್ತಿ: ‘ಹೈಲ್ಯಾಂಡರ್’ ಬಗ್ಗೆ ಓದುಗರು ಕೇಳಿದ್ದು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಧಾರಾವಾಹಿಯ ಸುತ್ತ ಇವೆ. 1992ರ ಅಕ್ಟೋಬರ್‌ನಲ್ಲಿ ಶುರುವಾಗಿ 1998ರ ಮೇ ತನಕ ಆರು ಸೀಸನ್ ನಡೆದ ‘ಹೈಲ್ಯಾಂಡರ್: ದಿ ಸೀರೀಸ್’ ಅದು. ತಲೆ ಹೋದರೆ ಮಾತ್ರ ಸಾಯುವ ಅಮರರು ಕತ್ತಿ ಹಿಡಿದು ಶತಮಾನಗಳಿಂದ ಒಬ್ಬರನ್ನೊಬ್ಬರು ಬೇಟೆಯಾಡುವ ಕಥೆ. ತಲೆ ಕಡಿದವನಿಗೆ ಸತ್ತವನ ಬಲ ಸೇರುತ್ತದೆ, ಕೊನೆಗೆ ಉಳಿಯುವ ಒಬ್ಬನಿಗೆ ಬಹುಮಾನ. ನಾಯಕ ಡಂಕನ್ ಮ್ಯಾಕ್ಲೌಡ್, 1592ರಲ್ಲಿ ಸ್ಕಾಟ್ಲೆಂಡಿನ ಗ್ಲೆನ್‌ಫಿನನ್‌ನಲ್ಲಿ ಹುಟ್ಟಿದವನು; ಪಾತ್ರ ಮಾಡಿದವರು ಏಡ್ರಿಯನ್ ಪಾಲ್. ಕೆಲವು ಪ್ರಶ್ನೆಗಳಿಗೆ ಕಥೆಯ ತಿರುವು ಹೇಳದೆ ಉತ್ತರಿಸಲಾಗದು. ಅಂಥ ಕಡೆ ಮೊದಲೇ ಎಚ್ಚರಿಸಿದ್ದೇವೆ.

ಒಟ್ಟು 119 ಕಂತುಗಳಂತೆ. ಎಲ್ಲವನ್ನೂ ನೋಡುವಷ್ಟು ಬಿಡುವಿಲ್ಲ. ಎಲ್ಲಿಂದ ಶುರು ಮಾಡಲಿ? ಸಿನಿಮಾ ಮೊದಲು ನೋಡಬೇಕೆ? (ದಾವಣಗೆರೆ)

1986ರ ಮೊದಲ ಸಿನಿಮಾ ನೋಡಿಯೇ ಮುಂದಕ್ಕೆ ಹೋಗಿ. ಅದರಲ್ಲಿ ಎರಡು ಆವೃತ್ತಿಗಳಿವೆ: ಅಮೆರಿಕದ ಚಿತ್ರಮಂದಿರಗಳಲ್ಲಿ ಓಡಿದ್ದು ಸುಮಾರು 110 ನಿಮಿಷದ್ದು, ಯೂರೋಪಿನದು 116 ನಿಮಿಷದ್ದು. ಉದ್ದನೆಯದನ್ನೇ ಹುಡುಕಿ. ಎರಡನೇ ಮಹಾಯುದ್ಧದಲ್ಲಿ ಸಿನಿಮಾದ ನಾಯಕ ಕಾನರ್ ಮ್ಯಾಕ್ಲೌಡ್ ರೇಚಲ್ ಎಂಬ ಪುಟ್ಟ ಹುಡುಗಿಯನ್ನು ಉಳಿಸುವ ದೃಶ್ಯ ಅದರಲ್ಲಿ ಮಾತ್ರ ಇದೆ. ಅದನ್ನು ನೋಡದಿದ್ದರೆ ನ್ಯೂಯಾರ್ಕಿನಲ್ಲಿ ಅವನ ಜೊತೆಗಿರುವ ಹಿರಿಯ ಹೆಂಗಸು ಯಾರು, ಅವನ ಮೇಲೆ ಅವಳಿಗೆ ಅಷ್ಟು ಅಕ್ಕರೆ ಏಕೆ ಎಂಬುದು ಗೊತ್ತಾಗುವುದಿಲ್ಲ. 1991ರ ಎರಡನೇ ಸಿನಿಮಾ ಬೇಡ. ಅಮರರು ಬೇರೆ ಗ್ರಹದಿಂದ ಬಂದವರು ಎನ್ನುತ್ತದೆ ಅದು. ಧಾರಾವಾಹಿ ಆ ಮಾತನ್ನು ಲೆಕ್ಕಕ್ಕೇ ಇಟ್ಟುಕೊಂಡಿಲ್ಲ.

ಕಂತಿಗೆ 48 ನಿಮಿಷ ಹಿಡಿದರೂ ಇಡೀ ಧಾರಾವಾಹಿಗೆ 95 ಗಂಟೆ ಬೇಕು. ಕಥೆಯ ಬೆನ್ನೆಲುಬು ಸಾಕು ಎನ್ನುವವರು 29 ಕಂತುಗಳಲ್ಲಿ, ಸುಮಾರು 23 ಗಂಟೆಗಳಲ್ಲಿ ಮುಗಿಸಬಹುದು. ಮೊದಲ ಸೀಸನ್ನಿನಲ್ಲಿ ‘ದಿ ಗ್ಯಾದರಿಂಗ್’, ‘ಫ್ಯಾಮಿಲಿ ಟ್ರೀ’, ‘ದಿ ಲೇಡಿ ಅಂಡ್ ದಿ ಟೈಗರ್’, ‘ಬ್ಯಾಂಡ್ ಆಫ್ ಬ್ರದರ್ಸ್’, ‘ದಿ ಹಂಟರ್ಸ್’. ಆ ಸೀಸನ್ನಿನ ಹಲವು ಕಂತುಗಳಲ್ಲಿ ಖಳರು ಸಾಮಾನ್ಯ ಮನುಷ್ಯರೇ. ಒತ್ತೆಯಾಳು, ಕಳ್ಳಸಾಗಣೆ ಎಂದು ಪೊಲೀಸ್ ಧಾರಾವಾಹಿಯ ಹಾಗೆ ಸಾಗುತ್ತವೆ. ಅಲ್ಲೇ ಸೋತು ಕೈಬಿಟ್ಟವರು ಬಹಳ ಮಂದಿ. ಎರಡನೆಯದರಲ್ಲಿ ‘ದಿ ವಾಚರ್ಸ್’, ‘ದಿ ಡಾರ್ಕ್‌ನೆಸ್’, ಎರಡು ಭಾಗದ ‘ಕೌಂಟರ್‌ಫಿಟ್’. ಮೂರನೆಯದರಲ್ಲಿ ‘ದಿ ಸಮುರಾಯ್’, ‘ಸ್ಟಾರ್ ಕ್ರಾಸ್ಡ್’, ‘ಮೆಥೋಸ್’, ಎರಡು ಭಾಗದ ‘ಫಿನಾಲೆ’. ನಾಲ್ಕನೆಯದರಲ್ಲಿ ‘ಹೋಮ್‌ಲ್ಯಾಂಡ್’, ‘ಬ್ರದರ್ಸ್ ಇನ್ ಆರ್ಮ್ಸ್’, ‘ದಿ ಇನ್ನೊಸೆಂಟ್’, ‘ಸಮ್‌ಥಿಂಗ್ ವಿಕೆಡ್’, ‘ಡೆಲಿವರೆನ್ಸ್’. ಕೊನೆಯ ಎರಡನ್ನು ಒಂದೇ ಕೂತಲ್ಲಿ ನೋಡಿ, ಮೊದಲನೆಯದು ನಡುದಾರಿಯಲ್ಲಿ ನಿಲ್ಲುತ್ತದೆ. ಐದನೆಯದರಲ್ಲಿ ‘ದಿ ವಾಲ್ಕಿರಿ’, ‘ಕಮ್ಸ್ ಎ ಹಾರ್ಸ್‌ಮನ್’, ‘ರೆವೆಲೇಶನ್ 6:8’, ‘ದಿ ಸ್ಟೋನ್ ಆಫ್ ಸ್ಕೋನ್’, ‘ಡುಎಂಡೆ’, ‘ಆರ್ಕೇಂಜೆಲ್’. ಆರನೆಯದರಲ್ಲಿ ಮೊದಲ ಎರಡು ಮತ್ತು ಕೊನೆಯ ಎರಡು ಸಾಕು. ನಡುವಿನ ಕಂತುಗಳಲ್ಲಿ ಹಲವು, ಹೊಸ ಧಾರಾವಾಹಿಯೊಂದಕ್ಕೆ ನಾಯಕಿಯನ್ನು ಹುಡುಕಲೆಂದೇ ಬರೆದವು. ಡಂಕನ್ ಅವುಗಳಲ್ಲಿ ಬದಿಗೆ ಸರಿದಿದ್ದಾನೆ. ಕೊನೆಗೆ ಆ ಅವಕಾಶ ಸಿಕ್ಕಿದ್ದು ಹಳೆಯ ಪಾತ್ರ ಅಮಾಂಡಾಳಿಗೇ.

ಡಿಸ್ಕ್ ಕೊಳ್ಳುವವರಿಗೆ ಇನ್ನೊಂದು ಮಾತು. ಯೂರೋಪಿನಲ್ಲಿ ಪ್ರಸಾರವಾದ ಕಂತುಗಳು ಅಮೆರಿಕದವಕ್ಕಿಂತ ಕೆಲವು ನಿಮಿಷ ಉದ್ದ. ಆ ಹೆಚ್ಚಿನ ತುಣುಕುಗಳಲ್ಲಿ ಮಾತುಕತೆಯೂ ಕಾದಾಟವೂ ಇವೆ. ಕಂತಿನ ಅವಧಿ ನೋಡಿಯೇ ಕೊಳ್ಳಿ.

ಸಿನಿಮಾದ ಕೊನೆಯಲ್ಲಿ ಕಾನರ್ ಖಳನಾಯಕ ಕರ್ಗನ್‌ನನ್ನು ಕೊಂದು ಬಹುಮಾನ ಗೆದ್ದಾಯಿತು. ಉಳಿಯುವವನು ಒಬ್ಬನೇ ಎಂದಮೇಲೆ ಡಂಕನ್ ಎಲ್ಲಿಂದ ಬಂದ? (ತುಮಕೂರು)

ಧಾರಾವಾಹಿ ಸಿನಿಮಾದ ಹೆಚ್ಚಿನ ಭಾಗವನ್ನು ಒಪ್ಪಿ ಕೊನೆಯನ್ನು ಮಾತ್ರ ಬದಲಿಸಿಕೊಂಡಿದೆ. ಕಾನರ್ ಕರ್ಗನ್‌ನನ್ನು ಕೊಂದದ್ದು ನಿಜ, ಆದರೆ ಅವರೇ ಕೊನೆಯ ಇಬ್ಬರಾಗಿರಲಿಲ್ಲ. ಮೊದಲ ಕಂತಿನಲ್ಲಿ ಕ್ರಿಸ್ಟೋಫರ್ ಲ್ಯಾಂಬರ್ಟ್ ಸ್ವತಃ ಕಾನರ್ ಆಗಿ ಬಂದು, ಕಾದಾಟ ಬಿಟ್ಟು ಸಂಸಾರ ಹೂಡಿದ್ದ ಡಂಕನ್‌ನನ್ನು ಮತ್ತೆ ಕಣಕ್ಕೆ ಎಳೆಯುತ್ತಾನೆ. ಇಬ್ಬರೂ ಒಂದೇ ಕುಲದವರು. ಕಾನರ್ 1518ರಲ್ಲಿ ಹುಟ್ಟಿದವನು, ಡಂಕನ್‌ನ ಗುರು. ಆಮೇಲಿನ ಸಿನಿಮಾಗಳ ಪೈಕಿ ಈ ಇಬ್ಬರನ್ನೂ ಸೇರಿಸುವುದು 2000ದ ‘ಎಂಡ್‌ಗೇಮ್’.

ಅಮರರ ನಿಯಮಗಳು ನಿಖರವಾಗಿ ಏನು? ಕೈ ತುಂಡಾದರೆ ಮತ್ತೆ ಬೆಳೆಯುತ್ತದೆಯೇ? ಗುಂಡು ಹೊಡೆದು ಬೀಳಿಸಿ ತಲೆ ಕಡಿದರೆ ಆಗದೆ? (ಶಿವಮೊಗ್ಗ)

ಧಾರಾವಾಹಿ ಗಟ್ಟಿಯಾಗಿ ನಿಂತಿರುವುದೇ ಈ ನಿಯಮಗಳ ಮೇಲೆ. ನಿಯಮದ ಬೆಲೆಯನ್ನು ಪಾತ್ರಗಳು ತೆರುವ ಕಂತುಗಳೆಲ್ಲ ಚೆನ್ನಾಗಿವೆ, ನಿಯಮ ಮರೆತ ಕಂತುಗಳು ಸೋತಿವೆ.

ಅಮರನಾಗುವವನು ಹುಟ್ಟಿನಿಂದಲೇ ಹಾಗಿರುತ್ತಾನೆ, ಆದರೆ ಒಮ್ಮೆ ಅಕಾಲದಲ್ಲಿ ಸತ್ತು ಎದ್ದಮೇಲೆ ಮಾತ್ರ ಅದು ಹೊರಬೀಳುತ್ತದೆ. ಆ ಗಳಿಗೆಗೆ ವಯಸ್ಸು ನಿಂತುಬಿಡುತ್ತದೆ. ಡಂಕನ್ ಹಾಗೆ ಸತ್ತದ್ದು 1622ರಲ್ಲಿ. ಎದ್ದು ಕೂತವನನ್ನು ಕುಲದವರು ಪಿಶಾಚಿ ಎಂದು ಓಡಿಸಿದರು. ಅಮರರೆಲ್ಲ ಎತ್ತಿ ಸಾಕಿದ ಮಕ್ಕಳೇ, ಹೆತ್ತವರು ಯಾರೆಂದು ಯಾರಿಗೂ ಗೊತ್ತಿಲ್ಲ. ಅವರಿಗೂ ಮಕ್ಕಳಾಗುವುದಿಲ್ಲ. ಇನ್ನೊಬ್ಬ ಅಮರ ಹತ್ತಿರ ಬಂದರೆ ಅವರಿಗೆ ಒಳಗೇ ತಿಳಿಯುತ್ತದೆ. ತನ್ನ ಆಸರೆಯಲ್ಲಿದ್ದ ರಿಚೀ ರಯನ್ ಮುಂದೆ ಅಮರನಾಗುವ ಹುಡುಗ ಎಂದು ಡಂಕನ್‌ಗೆ ಮೊದಲೇ ತಿಳಿದಿತ್ತು, ಆದರೂ ಹೇಳಲಿಲ್ಲ. ಹುಡುಗ ಸಾಮಾನ್ಯನಂತೆ ಬದುಕಲಿ ಎಂಬ ಆಸೆ ಅದು.

ಗಾಯ ಮಾಯುತ್ತದೆ, ತುಂಡಾದದ್ದು ಬೆಳೆಯುವುದಿಲ್ಲ. ಝೇವಿಯರ್ ಸೇಂಟ್ ಕ್ಲೌಡ್ ಎಂಬ ದುಷ್ಟ ಅಮರನ ಕೈ ಕಡಿದದ್ದು ಡಂಕನ್. ಮುಂದೆ ಅವನು ಕೊಕ್ಕೆ ಹಾಕಿಕೊಂಡೇ ಬರುತ್ತಾನೆ. ಕುತ್ತಿಗೆಯ ಗಾಯವೂ ಪೂರ್ತಿ ಮಾಯದು. ಹಾಡುಗಾರ ಅಮರ ಕಲಾಸ್‌ನ ಗಂಟಲನ್ನು ಡಂಕನ್ ಸೀಳಿ ದನಿ ಹಾಳಾದದ್ದು ಅವನ ಹಳೆಯ ದ್ವೇಷವನ್ನು ಇನ್ನಷ್ಟು ಕೆರಳಿಸಿತು.

ಗುಂಡು ಹೊಡೆದರೆ ಅಮರ ಸ್ವಲ್ಪ ಹೊತ್ತು ಸಾಯುತ್ತಾನೆ, ಆಗ ತಲೆ ಕಡಿಯಲು ಬರುತ್ತದೆ. ಅದನ್ನು ತಡೆಯುವುದು ದೇಹಧರ್ಮವಲ್ಲ, ಮರ್ಯಾದೆ: ಒಬ್ಬನಿಗೆ ಒಬ್ಬನೇ ಎದುರಾಗಬೇಕು, ಮೂರನೆಯವನು ಕೈಹಾಕಬಾರದು. ಝೇವಿಯರ್ ಬಂದೂಕಿನವರನ್ನು ಮುಂದೆ ಬಿಟ್ಟು ಅದನ್ನು ಮುರಿದ. ಎಲ್ಲರೂ, ದುಷ್ಟರೂ ಸಹ, ಪಾಲಿಸುವ ನಿಯಮ ಪುಣ್ಯಭೂಮಿಯದು. ಚರ್ಚು ಮಾತ್ರವಲ್ಲ, ಯಾವುದೇ ಜನಾಂಗದ ಪವಿತ್ರ ನೆಲದಲ್ಲಿ ಕತ್ತಿ ಎತ್ತುವಂತಿಲ್ಲ. ಡೇರಿಯಸ್ ಎಂಬ ಹಳೆಯ ಸೇನಾಪತಿ ಪಾದ್ರಿಯಾಗಿ ಪ್ಯಾರಿಸಿನ ಚರ್ಚಿನೊಳಗೇ ಶತಮಾನಗಳನ್ನು ಕಳೆದದ್ದು ಈ ಬಲದಿಂದ. ಅವನನ್ನು ಕೊಂದವರು ಅಮರರಲ್ಲ. ಅಮರರನ್ನು ದೂರದಿಂದ ನೋಡಿ ದಾಖಲಿಸುವ ‘ವಾಚರ್ಸ್’ ಎಂಬ ಗುಪ್ತ ಸಂಘದಿಂದ ಸಿಡಿದು ಹೋದ ಮನುಷ್ಯರು ಅವರು. ಆ ನಿಯಮ ಅವರನ್ನು ಕಟ್ಟಿಹಾಕಿರಲಿಲ್ಲ. ಬರಹಗಾರರು ತಮ್ಮದೇ ನಿಯಮದ ಸಂದು ಹುಡುಕಿ ಅಲ್ಲಿಂದ ದುರಂತ ಹೊರತೆಗೆದದ್ದು ಇಲ್ಲಿ.

ಸ್ಕಾಟ್ಲೆಂಡಿನವನ ಕೈಯಲ್ಲಿ ಜಪಾನಿನ ಕತಾನ ಏಕೆ? (ಬೆಳಗಾವಿ)

‘ದಿ ಸಮುರಾಯ್’ ಕಂತಿನಲ್ಲಿ ಉತ್ತರವಿದೆ. 1778ರಲ್ಲಿ ಹಡಗು ಒಡೆದು ಡಂಕನ್ ಜಪಾನಿನ ದಡ ಸೇರುತ್ತಾನೆ. ಆಗ ಆ ದೇಶದ ಬಾಗಿಲು ಹೊರಗಿನವರಿಗೆ ಮುಚ್ಚಿತ್ತು. ಯೂರೋಪಿಯನ್ನರ ಪೈಕಿ ಡಚ್ಚರಿಗೆ ಮಾತ್ರ, ಅದೂ ನಾಗಾಸಾಕಿಯ ದೆಜಿಮಾ ದ್ವೀಪದಲ್ಲಿ, ಇರಲು ಅನುಮತಿ. ಹೊರಗಿನವನಿಗೆ ಆಸರೆ ಕೊಟ್ಟ ತಪ್ಪಿಗೆ ಸಮುರಾಯ್ ಹಿದಿಯೊ ಕೊತೊ ಪ್ರಾಣ ತೆರಬೇಕಾಗುತ್ತದೆ. ಅವನ ವಂಶವನ್ನು ಕಾಯುವೆನೆಂದು ಡಂಕನ್ ಮಾತು ಕೊಡುತ್ತಾನೆ, ಕತ್ತಿ ಅವನ ಕೈ ಸೇರುತ್ತದೆ. ಇತಿಹಾಸವನ್ನು ಕಥೆಯೊಳಗೆ ಇಷ್ಟು ಚೆನ್ನಾಗಿ ಹೆಣೆದ ಕಂತು ಇನ್ನೊಂದಿಲ್ಲ. ಸಿನಿಮಾದ ಕತ್ತಿಯ ಕಥೆ ಮಾತ್ರ ನಿಲ್ಲುವುದಿಲ್ಲ: ಜಪಾನಿನ ಹೆಸರಾಂತ ಕತ್ತಿ ಕಮ್ಮಾರ ಮಸಮುನೆ ಅದನ್ನು ಕ್ರಿಸ್ತಪೂರ್ವ 593ರಲ್ಲಿ ಮಾಡಿದ ಎನ್ನುತ್ತಾರೆ. ಮಸಮುನೆ ಬದುಕಿದ್ದು ಕ್ರಿಸ್ತಶಕ 13-14ನೇ ಶತಮಾನದಲ್ಲಿ.

ಬಳಕೆಯ ಲೆಕ್ಕದಲ್ಲೂ ಈ ಆಯ್ಕೆ ಸರಿ. ಹೈಲ್ಯಾಂಡಿನ ಎರಡು ಕೈಯ ಕ್ಲೇಮೋರ್ ಸುಮಾರು 140 ಸೆಂಟಿಮೀಟರ್ ಉದ್ದ, ಎರಡೂವರೆ ಕಿಲೋ ತೂಕ. ಅದನ್ನು ಕೋಟಿನೊಳಗೆ ಅಡಗಿಸಲಾಗದು. ಕತಾನದ ಅಲಗು 60 ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು, ತೂಕ ಒಂದು ಕಿಲೋ ಚಿಲ್ಲರೆ. ಎರಡು ಕೈಯಿಂದಲೂ ಬೀಸಬಹುದು, ಒಂದರಿಂದಲೂ ಬೀಸಬಹುದು. ಸಿನಿಮಾದಲ್ಲಿ ಕಾನರ್ ಕೂಡ ಕ್ಲೇಮೋರ್ ಬಿಟ್ಟು ಇದಕ್ಕೇ ಬಂದ.

ಡಂಕನ್‌ನ ಡ್ರ್ಯಾಗನ್ ತಲೆಯ ಕತಾನದ ಮಾದರಿ ತರಿಸಿದ್ದೇನೆ. ಮೊದಲ ಮಳೆಗಾಲಕ್ಕೇ ಅಲಗಿನ ಮೇಲೆ ಕಂದು ಚುಕ್ಕಿ ಬಂದಿವೆ. ಅಂಗಳದಲ್ಲಿ ಬೀಸಿ ಅಭ್ಯಾಸ ಮಾಡಬಹುದೇ? (ಮಂಗಳೂರು)

ತುಕ್ಕು ಬಂದಿದೆ ಎಂದರೆ ಅದು ಕಾರ್ಬನ್ ಉಕ್ಕು. ಕರಾವಳಿಯ ಉಪ್ಪುಗಾಳಿಯಲ್ಲಿ ಇದು ಸಹಜ. ಒರೆಯ ಒಳಗಿನ ಮರ ತೇವ ಹೀರಿ ಅಲಗಿಗೆ ಅಂಟಿಸುತ್ತದೆ. ಬರಿಗೈಯಿಂದ ಮುಟ್ಟಿದ ಕಡೆ ಬೆವರಿನ ಉಪ್ಪು ಕೂತು, ಬೆರಳಿನ ಗುರುತಿನಂತೆಯೇ ತುಕ್ಕು ಹಿಡಿಯುತ್ತದೆ. ನಾಲ್ಕು ಸೊನ್ನೆಯ (0000) ನುಣುಪಿನ ಸ್ಟೀಲ್ ವುಲ್‌ಗೆ ಎರಡು ಹನಿ ಹೊಲಿಗೆಯಂತ್ರದ ಎಣ್ಣೆ ಬಿಟ್ಟು, ಹಿಡಿಯಿಂದ ತುದಿಯ ಕಡೆಗೆ ಮಾತ್ರ, ಬೆನ್ನಿನ ಬದಿಯಿಂದ ಬೆರಳಿಟ್ಟು ಮೆಲ್ಲಗೆ ಎಳೆಯಿರಿ. ವೃತ್ತಾಕಾರವಾಗಿ ಉಜ್ಜಿದರೆ ಗೀರು ಬೀಳುತ್ತದೆ, ಆಮೇಲೆ ಹೋಗುವುದಿಲ್ಲ. ಹಳೆಯ, ಬೆಲೆಬಾಳುವ ಕತ್ತಿಗೆ ಈ ಉಪಚಾರ ಸಲ್ಲದು, ಮಾದರಿಗೆ ನಡೆಯುತ್ತದೆ. ನಂತರ ಒಣ ಹತ್ತಿಬಟ್ಟೆಯಲ್ಲಿ ಒರೆಸಿ ಮೂರು ನಾಲ್ಕು ಹನಿ ಎಣ್ಣೆಯನ್ನು ಅಲಗಿಡೀ ತೆಳುವಾಗಿ ಹರಡಿ. ಜಪಾನಿನ ಚೋಜಿ ಎಣ್ಣೆ ಎಂದು ಮಾರುವುದೂ ಬಹುತೇಕ ಖನಿಜ ಎಣ್ಣೆಯೇ, ಲವಂಗದ ವಾಸನೆ ಸೇರಿಸಿರುತ್ತಾರೆ. ತೆಂಗಿನೆಣ್ಣೆ ಬೇಡ, ಕಮಟಿ ಅಂಟಾಗುತ್ತದೆ. ಎಣ್ಣೆ ಅತಿಯಾದರೆ ಒರೆಯೊಳಗೆ ಇಳಿದು ಧೂಳು ಹಿಡಿದು ಅಲಗನ್ನೇ ಗೀರುತ್ತದೆ. ಮಳೆಗಾಲದ ತಿಂಗಳುಗಳಲ್ಲಿ ಎರಡು ವಾರಕ್ಕೊಮ್ಮೆ ಹೀಗೆ ಮಾಡಿ, ಅಲಗನ್ನು ಒರೆಯಿಂದ ತೆಗೆದು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಿದ ಪೆಟ್ಟಿಗೆಯಲ್ಲಿ ಮಲಗಿಸಿಡಿ.

ಬೀಸುವ ಮೊದಲು ಹಿಡಿಯನ್ನು ಪರೀಕ್ಷಿಸಿ. ಸರಿಯಾಗಿ ಮಾಡಿದ ಕತಾನದಲ್ಲಿ ಅಲಗಿನ ಬಾಲ ಅಗಲವಾಗಿಯೇ ಹಿಡಿಯೊಳಗೆ ಬಹುದೂರ ಹೋಗಿ, ಮೆಕುಗಿ ಎಂಬ ಬಿದಿರಿನ ಬೆಣೆಯಿಂದ ನಿಂತಿರುತ್ತದೆ. ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಬೆಣೆ ಹೊರಬರಬೇಕು. ಅದು ಸಡಿಲವಾಗಿದ್ದರೆ, ಸೀಳಿದ್ದರೆ ಹೊಸದು ಹಾಕಿಸಿ. ಗೋಡೆಗೆ ತೂಗುವ ಮಾದರಿಗಳಲ್ಲಿ ಅಲಗಿಗೆ ತೆಳ್ಳನೆಯ ಸರಳು ಬೆಸೆದು ನಟ್ಟು ಬಿಗಿದಿರುತ್ತಾರೆ. ಬೀಸಿದಾಗ ಎಳೆತವೆಲ್ಲ ಆ ಬೆಸುಗೆಯ ಮೇಲೆ ಬೀಳುತ್ತದೆ, ಅಲ್ಲೇ ಮುರಿದು ಅಲಗು ಹಾರುತ್ತದೆ. ಅಂಥದ್ದನ್ನು ಒಮ್ಮೆಯೂ ಬೀಸಬೇಡಿ. ಡ್ರ್ಯಾಗನ್ ಕೆತ್ತಿದ ನುಣುಪು ಹಿಡಿಯಲ್ಲಿ ಇನ್ನೊಂದು ತೊಂದರೆ: ಸಾಂಪ್ರದಾಯಿಕ ಹಿಡಿಗೆ ಸ್ಟಿಂಗ್‌ರೇ ಮೀನಿನ ಒರಟು ಚರ್ಮ ಹೊದಿಸಿ ಮೇಲೆ ದಾರ ಸುತ್ತುವುದು ಬೆವರಿದ ಕೈ ಜಾರದಿರಲೆಂದು. ಅದಿಲ್ಲದ ಹಿಡಿ ನಿಮ್ಮೂರಿನ ಸೆಕೆಯಲ್ಲಿ ಜಾರಿಯೇ ಜಾರುತ್ತದೆ. ಅಭ್ಯಾಸಕ್ಕೆ ಬೊಕ್ಕೆನ್ ಎಂಬ ಮರದ ಕತ್ತಿ ತರಿಸಿಕೊಳ್ಳಿ. ಹರಿತ ಅಲಗಿನದಾದರೆ ಶಸ್ತ್ರಾಸ್ತ್ರ ಕಾಯ್ದೆಯೂ ಇದೆ, ಠಾಣೆಯಲ್ಲಿ ವಿಚಾರಿಸಿಯೇ ಇಟ್ಟುಕೊಳ್ಳಿ.

ಕತ್ತಿಕಾಳಗಗಳು ನಿಜವೆಷ್ಟು, ನಟನೆಯೆಷ್ಟು? (ಮೈಸೂರು)

ಮೊದಲ ಸೀಸನ್ನಿಗೆ ಕಾಳಗ ಹೊಂದಿಸಿದವರು ಬಾಬ್ ಆಂಡರ್ಸನ್. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ ಪರ ಆಡಿದ ಕತ್ತಿಪಟು ಅವರು. ಸ್ಟಾರ್ ವಾರ್ಸ್ ಕಾಳಗಗಳಲ್ಲಿ ಡಾರ್ತ್ ವೇಡರ್‌ನ ಮುಖವಾಡದ ಹಿಂದೆ ಇದ್ದವರೂ ಅವರೇ. ಅವರ ನಂತರ ಎಫ್. ಬ್ರಾನ್ ಮೆಕ್‌ಆಶ್ ಕೊನೆಯವರೆಗೆ ನೋಡಿಕೊಂಡರು. ಕಥಾನಾಯಕ ಯಾವ ಶತಮಾನದಲ್ಲಿ ಯಾವ ದೇಶದಲ್ಲಿ ಕಲಿತನೋ ಅಲ್ಲಿನ ವರಸೆಯೇ ಕಾಣಬೇಕು ಎಂಬುದು ಮೆಕ್‌ಆಶ್ ಅವರ ಕೆಲಸದಲ್ಲಿ ಎದ್ದು ಕಾಣುತ್ತದೆ. ಏಡ್ರಿಯನ್ ಪಾಲ್ ಸ್ವತಃ ನೃತ್ಯಪಟು, ಚೀನೀ ವರಸೆ ಕಲಿತವರು. ಹೀಗಾಗಿ ಕ್ಯಾಮೆರಾ ಅವರ ಪಾದಗಳನ್ನೂ ಧೈರ್ಯವಾಗಿ ತೋರಿಸುತ್ತದೆ.

ಚಿತ್ರೀಕರಣಕ್ಕೆ ಬಳಸುವುದು ಅಲ್ಯೂಮಿನಿಯಂ ಅಲಗು. ಹಗುರ, ದಿನವಿಡೀ ಬೀಸಬಹುದು. ಆದರೆ ಮೆತ್ತಗಿನ ಲೋಹ. ಒಂದಕ್ಕೊಂದು ತಾಗಿದಲ್ಲೆಲ್ಲ ಕಚ್ಚು ಬಿದ್ದು ಗರಗಸದ ಹಲ್ಲಿನಂತಾಗುತ್ತದೆ. ಆಗಾಗ ಅರದಿಂದ ಉಜ್ಜದಿದ್ದರೆ ಕೈ ಕೊಯ್ಯುತ್ತದೆ. ನಿಜದ ಕತಾನದಲ್ಲಿ ಬಾಯಿಗೆ ಬಾಯಿ ತಾಗಿಸಿ ತಡೆಯುವುದು ಕತ್ತಿಯನ್ನು ಕೊಂದಂತೆ. ಹದ ಮಾಡುವಾಗ ಬೆನ್ನಿಗೆ ದಪ್ಪ, ಬಾಯಿಗೆ ತೆಳ್ಳಗೆ ಜೇಡಿಮಣ್ಣು ಮೆತ್ತಿ ನೀರಿಗೆ ಅದ್ದುತ್ತಾರೆ. ಬಾಯಿ ಬೇಗ ತಣ್ಣಗಾಗಿ ಗಡಸಾಗುತ್ತದೆ, ಬೆನ್ನು ಮೆತ್ತಗೆ ಉಳಿಯುತ್ತದೆ. ಗಡಸು ಬಾಯಿ ಚೆನ್ನಾಗಿ ಕೊಯ್ಯುತ್ತದೆ, ಪೆಟ್ಟಿಗೆ ಚೂರು ಕಳಚುತ್ತದೆ. ಆದ್ದರಿಂದ ಪಕ್ಕದಿಂದ ಸರಿಸಿ ಜಾರಿಸುವುದೇ ಸರಿಯಾದ ಕ್ರಮ. ಧಾರಾವಾಹಿಯಲ್ಲಿ ಎರಡೂ ಕಾಣುತ್ತವೆ, ಕಣ್ಣಿಟ್ಟು ನೋಡಿ.

ಒಂದೇ ಕಾಳಗ ನೋಡುವುದಾದರೆ ‘ಡುಎಂಡೆ’ ಕಂತಿನ ಕೊನೆಯದನ್ನು ನೋಡಿ. ಎದುರಾಳಿ ಕೊನ್ಸೋನೆಯಾಗಿ ನಟಿಸಿದ ಆಂಟನಿ ಡಿ ಲಾಂಗಿಸ್ ಸ್ವತಃ ಕತ್ತಿವರಸೆಯ ಗುರು. ಅಲ್ಲಿ ನಡೆಯುವುದು ಸ್ಪೇನಿನ ದೆಸ್ತ್ರೆಸಾ ಪದ್ಧತಿ, 1582ರಲ್ಲಿ ಕರಾನ್ಸಾ ಗ್ರಂಥರೂಪಕ್ಕೆ ತಂದದ್ದು. ನೆಲದ ಮೇಲೆ ವೃತ್ತ, ಅದರೊಳಗೆ ರೇಖೆಗಳು. ಎದುರಾಳಿಯತ್ತ ನೇರ ನುಗ್ಗುವ ಬದಲು ವೃತ್ತದ ಅಂಚಿನ ಮೇಲೆ ಓರೆಯಾಗಿ ಹೆಜ್ಜೆ ಇಡುತ್ತಾರೆ, ತೋಳು ಕತ್ತಿ ಒಂದೇ ಗೆರೆಯಲ್ಲಿ ಚಾಚಿರುತ್ತದೆ. ತನ್ನ ಮೊನೆ ಅವನಿಗೆ ತಾಗುವ, ಅವನ ಮೊನೆ ತನಗೆ ತಾಗದ ಕೋನ ಸಿಗುವವರೆಗೆ ಸುತ್ತುವುದೇ ಆಟ. ಮೊದಲ ಸಲ ನೋಡುವಾಗ ಕತ್ತಿ ಬಿಟ್ಟು ಪಾದ ಮಾತ್ರ ನೋಡಿ. ಗೆಲ್ಲುವುದು ಯಾರೆಂಬುದು ಅಲ್ಲೇ ಮೊದಲು ತಿಳಿಯುತ್ತದೆ.

ಅಶ್ವತ್ಥಾಮನಂಥ ಚಿರಂಜೀವಿಗಳಿಗೂ ಇವರಿಗೂ ಹೋಲಿಕೆ ಉಂಟೇ? (ಉಡುಪಿ)

ಸ್ವಲ್ಪ ಮಾತ್ರ. ಅಶ್ವತ್ಥಾಮನಿಗೆ ಸಾವಿಲ್ಲದ ಬದುಕು ಶಾಪ. ಗಾಯ ಹೊತ್ತು ಒಂಟಿಯಾಗಿ ಅಲೆಯಬೇಕು. ಹೈಲ್ಯಾಂಡರ್ ಅಮರರ ಬದುಕು ವರವೂ ಅಲ್ಲ, ಶಾಪವೂ ಅಲ್ಲ. ಯಾರೂ ಕೊಟ್ಟದ್ದಲ್ಲ, ಹಾಗಾಗಿ ಬೇಡಿಕೊಳ್ಳಲೂ ಶಪಿಸಲೂ ಅವರಿಗೆ ದೇವರಿಲ್ಲ.

ರಿಚೀಯನ್ನು ಡಂಕನ್ ಕೈಯಲ್ಲೇ ಕೊಲ್ಲಿಸಿದ್ದು ಅನ್ಯಾಯ. ಐದು ಸೀಸನ್ ಬೆಳೆಸಿದ ಹುಡುಗನನ್ನು ಹೀಗೆ ಮುಗಿಸುವುದೇ? (ಹುಬ್ಬಳ್ಳಿ)

(ಐದನೇ ಸೀಸನ್ ನೋಡದವರು ಈ ಉತ್ತರವನ್ನೂ ಮುಂದಿನದನ್ನೂ ಬಿಡಿ.) ನಿಮ್ಮ ಸಿಟ್ಟು ನ್ಯಾಯವಾದದ್ದು. 1997ರಲ್ಲಿ ‘ಆರ್ಕೇಂಜೆಲ್’ ಪ್ರಸಾರವಾದಾಗ ಆ ಸಾವನ್ನು ಒಪ್ಪದ ಅಭಿಮಾನಿಗಳು ‘ಕ್ಲಾನ್ ಡಿನೈಯಲ್’ ಎಂದು ಹೆಸರಿಟ್ಟುಕೊಂಡು ಒಟ್ಟಾದರು.

ಕೊಲೆಯಾದದ್ದಕ್ಕಿಂತ, ಅದಕ್ಕೆ ಬಳಸಿದ ಉಪಾಯ ದೊಡ್ಡ ತಪ್ಪು. ಅಹ್ರಿಮಾನ್ ಎಂಬ ದೈತ್ಯಶಕ್ತಿ ಡಂಕನ್‌ನ ಹಳೆಯ ಶತ್ರುಗಳ ರೂಪ ತೋರಿಸಿ ಕಾಡುತ್ತದೆ. ಆ ಭ್ರಮೆಯತ್ತ ಬೀಸಿದ ಕತ್ತಿ ರಿಚೀಯ ಕುತ್ತಿಗೆಗೆ ತಾಗುತ್ತದೆ. ಅಲ್ಲಿಯವರೆಗೆ ಈ ಕಥೆಯಲ್ಲಿ ಯಾರು ಕೊಂದರೂ ಆಯ್ದುಕೊಂಡೇ ಕೊಲ್ಲುತ್ತಿದ್ದರು, ಅದರ ಹೊಣೆ ಹೊರುತ್ತಿದ್ದರು. ಭ್ರಮೆಯಲ್ಲಿ ಆದ ಕೊಲೆಯಲ್ಲಿ ಆಯ್ಕೆಯೇ ಇಲ್ಲ. ಗುರುಶಿಷ್ಯರು ನಿಜವಾದ ಕಾರಣಕ್ಕೆ ಎದುರುಬದುರು ನಿಂತಿದ್ದರೆ ನೋವು ಇದಕ್ಕಿಂತ ಹೆಚ್ಚಾಗುತ್ತಿತ್ತು, ನಾವು ಒಪ್ಪಿಯೂ ಬಿಡುತ್ತಿದ್ದೆವು.

ಆದರೆ ಆ ಕಂತಿನ ಕೊನೆಯ ಗಳಿಗೆಯನ್ನು ಕಳೆದುಕೊಳ್ಳಬೇಡಿ. ಮೂರನೇ ಸೀಸನ್ನಿನಲ್ಲಿ ಡಂಕನ್‌ಗಿಂತ ಬಹಳ ಹಳೆಯ ಅಮರ ಮೆಥೋಸ್, ಕಲಾಸ್‌ನನ್ನು ಗೆಲ್ಲುವಷ್ಟು ಬಲ ಬರಲಿ ಎಂದು ತನ್ನ ತಲೆಯನ್ನೇ ಡಂಕನ್‌ಗೆ ಒಡ್ಡಿದ್ದ. ಡಂಕನ್ ಒಲ್ಲೆ ಎಂದಿದ್ದ. ಈಗ ರಿಚೀಯ ಶವದ ಬಳಿ ಮಂಡಿಯೂರಿದ ಡಂಕನ್ ತನ್ನ ಕತ್ತಿಯನ್ನು ಮೆಥೋಸ್‌ಗೆ ಒಡ್ಡುತ್ತಾನೆ. ಮೆಥೋಸ್ ಮುಟ್ಟುವುದಿಲ್ಲ. ಎರಡು ದೃಶ್ಯಗಳನ್ನೂ ಒಂದರ ಹಿಂದೆ ಒಂದು ನೋಡಿ. ಆರನೇ ಸೀಸನ್ನಿನ ಆರಂಭದಲ್ಲಿ ಡಂಕನ್ ಅಹ್ರಿಮಾನ್‌ನನ್ನು ಹೊಡೆದಲ್ಲ, ಕೋಪ ಬಿಟ್ಟು ಗೆಲ್ಲುವುದಕ್ಕೂ ಬೇರು ಇಲ್ಲಿದೆ. ರಿಚೀಯಾಗಿದ್ದ ಸ್ಟಾನ್ ಕರ್ಷ್ 2020ರ ಜನವರಿಯಲ್ಲಿ ತೀರಿಕೊಂಡರು. ಕೊನೆಯ ಎರಡು ಕಂತುಗಳಲ್ಲಿ, ಡಂಕನ್ ಹುಟ್ಟದೇ ಇದ್ದ ಲೋಕದಲ್ಲಿ, ಅವರನ್ನು ಮತ್ತೆ ನೋಡಬಹುದು.

ಮೆಥೋಸ್ ಸಾವಿರಾರು ಜನರನ್ನು ಕೊಂದವನು. ಅವನನ್ನು ಕ್ಷಮಿಸಿದ್ದು ಸರಿಯೇ? (ಕಲಬುರಗಿ)

ಧಾರಾವಾಹಿ ಅವನನ್ನು ಕ್ಷಮಿಸಿಲ್ಲ, ಬದುಕಲು ಬಿಟ್ಟಿದೆ. ಪೀಟರ್ ವಿಂಗ್‌ಫೀಲ್ಡ್ ನಟಿಸಿದ ಈ ಐದು ಸಾವಿರ ವರ್ಷದ ಮನುಷ್ಯ ಅಡಗಿದ್ದ ಜಾಗವೇ ಅವನ ಬುದ್ಧಿಗೆ ಸಾಕ್ಷಿ: ಮೆಥೋಸ್ ಯಾರೆಂದು ಹುಡುಕುವ ವಾಚರ್ಸ್ ಸಂಘದಲ್ಲಿ, ಆಡಮ್ ಪಿಯರ್ಸನ್ ಎಂಬ ಹೆಸರಲ್ಲಿ, ಮೆಥೋಸ್ ಬಗ್ಗೆಯೇ ಸಂಶೋಧನೆ ಮಾಡುವವನಾಗಿ ಕೂತಿದ್ದ. ಅಂಥವನು ಕಂಚಿನ ಯುಗದಲ್ಲಿ ನಾಲ್ವರು ಸವಾರರ ದಂಡಿನಲ್ಲಿ ‘ಸಾವು’ ಎನಿಸಿಕೊಂಡವನು ಎಂದು ತಿಳಿದಾಗ, ತಪ್ಪೊಪ್ಪಿಗೆಯನ್ನು ಮೆತ್ತಗೆ ಮಾಡಿಲ್ಲ. ಕೊಂದದ್ದು ಹತ್ತು ಸಾವಿರ, ಅದರಲ್ಲಿ ಸುಖವಿತ್ತು ಎಂದು ಡಂಕನ್ ಮುಖಕ್ಕೇ ಹೇಳುತ್ತಾನೆ. ಬೋರ್ಡೋದ ಹಳೆಯ ಜಲಾಂತರ್ಗಾಮಿ ನೆಲೆಯಲ್ಲಿ, ಡಂಕನ್ ಆ ದಂಡಿನ ನಾಯಕ ಕ್ರೋನೋಸ್‌ನನ್ನು ಕೊಲ್ಲುವಾಗ ಮೆಥೋಸ್ ಅದೇ ದಂಡಿನ ತನ್ನ ಹಳೆಯ ಗೆಳೆಯ ಸೈಲಸ್‌ನನ್ನು ಕೊಂದು ಅಳುತ್ತಾನೆ. ಹಿಂದೆ ಮೆಥೋಸ್‌ನ ದಾಸಿಯಾಗಿದ್ದ ಕಸಾಂಡ್ರಾ ಅವನ ಮೇಲೆ ಕೊಡಲಿ ಎತ್ತಿ ನಿಂತಿರುತ್ತಾಳೆ, ಡಂಕನ್ ಬೇಡ ಎನ್ನುತ್ತಾನೆ. ನಮ್ಮ ಅಭಿಪ್ರಾಯದಲ್ಲಿ ಆ ತೀರ್ಪು ಕಸಾಂಡ್ರಾಳದ್ದಾಗಬೇಕಿತ್ತು. ಡಂಕನ್ ತನ್ನ ಗೆಳೆತನವನ್ನು ಅವಳ ನೋವಿನ ಮುಂದೆ ಇಟ್ಟ.

ಅಬರ್ಡೀನ್‌ನಲ್ಲಿದ್ದೇವೆ. ಮ್ಯಾಕ್ಲೌಡರ ಊರು ನೋಡಬೇಕು. ಎಲ್ಲಿಗೆ ಹೋಗಬೇಕು? (ಅಬರ್ಡೀನ್‌ನ ಕನ್ನಡ ಓದುಗರು)

ಗ್ಲೆನ್‌ಫಿನನ್ ನಿಜವಾದ ಊರೇ, ಆದರೆ ಮ್ಯಾಕ್ಲೌಡರದ್ದಲ್ಲ. ಅದು ಕ್ಲಾನ್‌ರನಾಲ್ಡ್ ಮ್ಯಾಕ್‌ಡೊನಾಲ್ಡರ ಸೀಮೆ. ಮ್ಯಾಕ್ಲೌಡ್ ಮುಖ್ಯಸ್ಥರ ಮನೆ ಸ್ಕೈ ದ್ವೀಪದ ಡನ್‌ವೇಗನ್ ಕೋಟೆ. ಡಂಕನ್ 1746ರ ಕಲೋಡನ್ ಯುದ್ಧದಲ್ಲಿ, ಸಿಂಹಾಸನಕ್ಕಾಗಿ ದಂಗೆ ಎದ್ದ ರಾಜಕುಮಾರ ಚಾರ್ಲ್ಸ್ ಪರ ಹೋರಾಡುತ್ತಾನಲ್ಲ, ಆಗಿನ ಡನ್‌ವೇಗನ್ ಮುಖ್ಯಸ್ಥ ನಿಂತದ್ದು ಸರ್ಕಾರದ ಪರ. ರಾಸೇ ದ್ವೀಪದ ಮ್ಯಾಕ್ಲೌಡರಾದರೋ ರಾಜಕುಮಾರನ ಕಡೆ ಹೋದರು. ಸಿನಿಮಾದಲ್ಲಿ ಕುಲದ ಕೋಟೆಯಾಗಿ ಕಾಣುವುದು ಐಲೀನ್ ಡೋನನ್. ಅದು ಡಾರ್ನಿ ಊರಿನ ಬಳಿ ಇದೆ.

ಮೂರನ್ನೂ ಒಂದೇ ಸುತ್ತಿನಲ್ಲಿ ನೋಡಬಹುದು. ಫೋರ್ಟ್ ವಿಲಿಯಂನಿಂದ ಮಲೇಗ್ ಕಡೆಯ ರೈಲು ಗ್ಲೆನ್‌ಫಿನನ್‌ನಲ್ಲಿ ನಿಲ್ಲುತ್ತದೆ. ಶೀಲ್ ಸರೋವರದ ತುದಿಯಲ್ಲಿ, 1745ರ ಆಗಸ್ಟ್ 19ರಂದು ಚಾರ್ಲ್ಸ್ ಬಾವುಟ ಏರಿಸಿದ ಕಡೆ, 1815ರ ಸ್ಮಾರಕಸ್ತಂಭವಿದೆ. ಅಲ್ಲಿಂದ ಅದೇ ಹಳಿಯಲ್ಲಿ ಮಲೇಗ್, ದೋಣಿಯಲ್ಲಿ ಸ್ಕೈನ ಆರ್ಮಡೇಲ್, ರಸ್ತೆಯಲ್ಲಿ ದ್ವೀಪದ ವಾಯವ್ಯಕ್ಕೆ ಡನ್‌ವೇಗನ್. ಮರಳುವಾಗ ಸ್ಕೈ ಸೇತುವೆ ದಾಟಿ ಕೈಲ್ ಆಫ್ ಲೊಖಾಲ್ಶ್‌ನಿಂದ ಪೂರ್ವಕ್ಕೆ ಹೊರಟರೆ ಡಾರ್ನಿ. ಕಾರನ್ನೂ ದೋಣಿಗೆ ಏರಿಸುವುದಾದರೆ ಜಾಗವನ್ನು ಮೊದಲೇ ಕಾದಿರಿಸಿ, ಬೇಸಿಗೆಯಲ್ಲಿ ಬೇಗ ತುಂಬುತ್ತದೆ.